ಪಕ್ಕದ ಸೀಟಿನ ಬ್ರೇಕು

ತನಗೆ ಕಾರು ಓಡಿಸಲು ಬರುವುದಿಲ್ಲ ಎಂಬ ಸಂಗತಿಯನ್ನು ಅವಳು ಡೈರಿಗೆ ಬಿಟ್ಟು ಇನ್ನಾರಿಗೂ ಹೇಳಿರಲಿಲ್ಲ. ಅದನ್ನೂ ಪುಟದ ಅಂಚಿನಲ್ಲಿ, ಬೇಕೆಂದಾಗ ಅಳಿಸಲು ಬರಲಿ ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದಳು. ಆದರೂ ಪರ್ಸಿನಲ್ಲಿ ಲೈಸೆನ್ಸ್ ಇತ್ತು. ಅದರ ಫೋಟೊದಲ್ಲಿ ಅವಳ ಮುಖ, ಕದಿಯುವಾಗ ಸಿಕ್ಕಿಬಿದ್ದವರ ಮುಖದಂತಿತ್ತು.

ಉಳಿದ ಪುಟಗಳಲ್ಲೆಲ್ಲ ಶಾಯಿ, ಶಾಯಿಯಲ್ಲೆಲ್ಲ ಮನೆಯವರು. ಪ್ರತಿ ಭಾನುವಾರ ಮಧ್ಯಾಹ್ನ ಊಟದ ಮೇಜು ಒರೆಸಿ, ನಕ್ಷೆ ಹರಡಿಕೊಂಡು ಕೂರುವ ಸಭೆಗೆ ಅವಳು 'ದಂಡಯಾತ್ರೆ' ಎಂದು ಹೆಸರಿಟ್ಟಿದ್ದಳು. ಹದಿನೆಂಟು ದಿನ, ಎರಡು ಗಡಿ, ಏಳು ಬೆಟ್ಟದ ದಾರಿ, ಒಂದು ಬಾಡಿಗೆ ವ್ಯಾನು, ಐದು ಜನ. ಡಿಗ್ರಿ ಮುಗಿಸಿ ಮನೆಯಲ್ಲೇ ಇರುವವಳೆಂದು ಪ್ರಯಾಣದ ಪಟ್ಟಿ ಟೈಪ್ ಮಾಡುವ ಕೆಲಸ ಅವಳ ತಲೆಯ ಮೇಲೆ ಬಿದ್ದಿತ್ತು.

ದೊಡ್ಡಮ್ಮನಿಗೆ ಬೆಟ್ಟ ಮುಖ್ಯವಲ್ಲ, ಇಸ್ತ್ರಿಪೆಟ್ಟಿಗೆ ಮುಖ್ಯ. "ಹಿಮದ ಮಧ್ಯೆ ಸುಕ್ಕು ಬಟ್ಟೆ ಹಾಕ್ಕೊಂಡು ಫೋಟೊಗೆ ನಿಂತ್ಕೊಳ್ಳೋಕಾಗುತ್ತಾ?" ಎಂದು ಮೂರು ವಾರದಿಂದ ಕೇಳುತ್ತಿದ್ದರು. ದೊಡ್ಡಮ್ಮನ ಅಳಿಯ, ಅಂದರೆ ಅವಳ ಭಾವ, ವ್ಯಾನಿನ ಹಿಂದೆ ಅಂಟಿಸಲು 'ಶಿಖರ ಗೆದ್ದ ಕುಟುಂಬ' ಎಂಬ ಸ್ಟಿಕರ್ ಆಗಲೇ ಮಾಡಿಸಿ ತಂದಿದ್ದ. ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವನು ಮನೆಯಲ್ಲಿ ಕೂತೇ ಶಿಖರ ಗೆದ್ದಿದ್ದ. ಅಮ್ಮನಂತೂ ಗಾಳಿ ಬಂದ ಕಡೆ ತಲೆಯಾಡಿಸುವವಳು.

ಎಲ್ಲರಿಗೂ ಮೇಲೆ ದೊಡ್ಡಪ್ಪ. ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದ್ದು ತಾವೇ ಎಂಬುದು ಅವರ ಹೆಮ್ಮೆ; ಊರಿನ ಅರ್ಧ ಗಾಡಿಗಳು ಏರಿನಲ್ಲಿ ಹಿಂದಕ್ಕೆ ಜಾರುವುದು ಅದಕ್ಕೇ ಎಂಬುದು ಡೈರಿಯ ಟಿಪ್ಪಣಿ. ಅವರ ಸ್ಕೂಲಿನ ಕಾರಿಗೆ ಪಕ್ಕದ ಸೀಟಿನಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಶಿಷ್ಯರು ಸ್ಟೀರಿಂಗ್ ತಿರುಗಿಸುತ್ತಿದ್ದರು, ದೊಡ್ಡಪ್ಪ ಪಕ್ಕದಲ್ಲಿ ಕೂತು ಕಾಲಾಡಿಸುತ್ತಿದ್ದರು.

ಅವಳ ಪರೀಕ್ಷೆಯ ದಿನವೂ ಅಷ್ಟೇ. ಪರೀಕ್ಷೆ ಮಾಡುವ ಅಧಿಕಾರಿ ಹಿಂದಿನ ಸೀಟಿನಲ್ಲಿ ಫೋನ್ ನೋಡುತ್ತಿದ್ದ. ಸಣ್ಣ ಏರಿನಲ್ಲಿ ನಿಲ್ಲಿಸಿ ಹೊರಡಬೇಕು. ಕಾರು ಹಿಂದಕ್ಕೆ ಜಾರಿತು, ಅವಳ ಕಾಲು ಮರಗಟ್ಟಿತು. ಆಮೇಲೆ ಕಾರು ತಾನಾಗಿಯೇ ಎಂಬಂತೆ ಮೆತ್ತಗೆ ನಿಂತಿತು. ದೊಡ್ಡಪ್ಪ ಕಿಟಕಿಯಾಚೆ ಏನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅಧಿಕಾರಿ ಪಾಸು ಎಂದು ಗುರುತು ಹಾಕಿದ.

ಈ ಭಾನುವಾರ ಮೇಜಿನ ಮೇಲೆ ನಕ್ಷೆಯ ಜೊತೆ ಬಾಡಿಗೆ ಆಫೀಸಿನ ಅರ್ಜಿಯೂ ಇತ್ತು. ಗಡಿ ದಾಟಲು ಮುಖ್ಯ ಚಾಲಕರ ಹೆಸರು, ಸಹಿ ಬೇಕಂತೆ. ಐದು ಗಂಟೆಯೊಳಗೆ ಭಾವ ಅದನ್ನು ಆಫೀಸಿಗೆ ಮುಟ್ಟಿಸಬೇಕು.

"ನಿಮ್ಮ ಹೆಸರೇ ಬರೀಲಾ ಮಾವ?" ಎಂದ ಭಾವ.

"ನಾನು ಪಕ್ಕದಲ್ಲಿ ಇರ್ತೀನಲ್ಲ ಅಳಿಯಂದ್ರೇ. ಗುರು ಆದವನು ಪಕ್ಕದಲ್ಲೇ ಕೂರಬೇಕು. ನೀವೇ ಓಡ್ಸಿ."

"ನಾನು ಸ್ಟೀರಿಂಗ್ ಹಿಡಿದ್ರೆ ವಿಡಿಯೊ ಯಾರು ಮಾಡೋದು?"

"ಪುಟ್ಟಿ ಇದಾಳಲ್ಲ!" ದೊಡ್ಡಪ್ಪ ಮೇಜು ತಟ್ಟಿದರು. "ನನ್ನ ಕೊನೇ ಶಿಷ್ಯೆ. ಅಪ್ಪಟ ಚಿನ್ನ."

"ಮೊದಲ್ನೇ ಸಲಕ್ಕೇ ಪಾಸು," ಎಂದು ಅಮ್ಮ ಸೆರಗು ಸರಿಮಾಡಿಕೊಂಡಳು.

"ಏನಮ್ಮ ಮೌನಗೌರಿ, ಬೆಟ್ಟ ಹತ್ತಿಸ್ತೀಯಾ ನಮ್ಮನ್ನ?" ಎಂದು ಭಾವ ಅರ್ಜಿಯನ್ನು ಅವಳತ್ತ ತಳ್ಳಿದ.

ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು. ಸಹಿ ಹಾಕಿಬಿಟ್ಟರೆ ಈ ನಾಲ್ವರೂ, ಇಸ್ತ್ರಿಪೆಟ್ಟಿಗೆ ಸಮೇತ, ಅವಳ ಮರಗಟ್ಟುವ ಕಾಲಿನ ವಶ. ಎಷ್ಟೇ ತಾತ್ಸಾರವಿದ್ದರೂ ಯಾರನ್ನೂ ಕಣಿವೆಗೆ ಉರುಳಿಸಬೇಕೆಂದು ಅವಳು ಡೈರಿಯಲ್ಲಿ ಬರೆದಿರಲಿಲ್ಲ.

"ಆ ಬಾಡಿಗೆಯವನಿಗೆ ತಲೆಯಿಲ್ಲ," ಎನ್ನುತ್ತಿದ್ದರು ದೊಡ್ಡಪ್ಪ. "ಪಕ್ಕದ ಸೀಟಿಗೂ ಒಂದು ಬ್ರೇಕ್ ಹಾಕ್ಸಿಕೊಡಪ್ಪ ಅಂದ್ರೆ, ಗಾಡಿಗೆ ಏನೇ ಸೇರಿಸಿದ್ರೂ ಗಡೀಲಿ ತಡೀತಾರೆ ಅಂತಾನೆ."

"ನಿಮಗ್ಯಾಕ್ರೀ ಬ್ರೇಕು?" ಎಂದರು ದೊಡ್ಡಮ್ಮ.

"ಅಭ್ಯಾಸ ಕಣೇ, ಅಷ್ಟೇ." ಅವರು ಅವಸರವಾಗಿ ನಾಲ್ಕನೇ ದಿನದ ಪಟ್ಟಿ ಎತ್ತಿಕೊಂಡರು. "ಕೇಳಿ. ನಲವತ್ತೆರಡು ತಿರುವು. ಮೊದಲ್ನೇದು ಬಲಕ್ಕೆ. ಎರಡ್ನೇದು ಎಡಕ್ಕೆ, ಕೆಳಗೆ ಹೊಳೆ..."

ಪೆನ್ನಿನ ಮುಚ್ಚಳ ಕೈಜಾರಿ ಮೇಜಿನ ಕೆಳಗೆ ಉರುಳಿತು. ಅವಳು ಬಗ್ಗಿದಳು.

ಮೇಜಿನ ಕೆಳಗೆ ದೊಡ್ಡಪ್ಪನ ಬರಿಗಾಲುಗಳಿದ್ದವು. ಮೇಲೆ "ಮೂರ್ನೇದು ಬಲಕ್ಕೆ" ಎಂದಾಗ ಬಲಗಾಲು ನೆಲವನ್ನು ಒತ್ತಿತು. "ನಾಲ್ಕನೇದು" ಎಂದಾಗ ಎರಡೂ ಕಾಲು ಒತ್ತಿದವು. ಬೆರಳುಗಳು ಬಿಳಿಚಿಕೊಂಡಿದ್ದವು. ಐದನೆಯ ತಿರುವಿಗೆ ಹಿಮ್ಮಡಿ ನಡುಗಿತು.

ಅಲ್ಲೇ ಬಗ್ಗಿ ಕೂತವಳಿಗೆ ಒಂದೊಂದೇ ನೆನಪಾಯಿತು. ದೊಡ್ಡಪ್ಪ ಮಾರುಕಟ್ಟೆಗೆ ನಡೆದು ಹೋಗುತ್ತಾರೆ. ಮದುವೆಗಳಿಗೆ ಯಾರಾದರೂ ಶಿಷ್ಯ ಕರೆದೊಯ್ಯುತ್ತಾನೆ. ಸ್ಕೂಲಿನ ಕಾರನ್ನು ಸಂಜೆ ಶೆಡ್ಡಿಗೆ ಹಾಕುತ್ತಿದ್ದವನೂ ಆ ದಿನದ ಕೊನೆಯ ಪಾಠಕ್ಕೆ ಬಂದ ಹುಡುಗನೇ. ಈ ಮನುಷ್ಯ ಸ್ಟೀರಿಂಗ್ ಹಿಡಿದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿಲ್ಲ. ಹಾಗಾದರೆ ವ್ಯಾನಿನಲ್ಲಿ ಗಾಡಿ ಬಾರದ ಗುರುವೊಬ್ಬ, ಗಾಡಿ ಬಾರದ ಶಿಷ್ಯೆಯೊಬ್ಬಳು, ಹಿಂದೆ ಶಿಖರ ಗೆದ್ದವರು. ಇಷ್ಟು ಅಂದವಾದ ಮೂರ್ಖತನವನ್ನು ಗಂಟೆ, ಕಿಲೋಮೀಟರುಗಳ ಸಮೇತ ಕಾಗುಣಿತ ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟವಳು ತಾನೇ. ಅವರಾದರೂ ಬಾಯಿ ಬಿಟ್ಟು ಮೂರ್ಖರು, ತಾನು ಬಾಯಿ ಮುಚ್ಚಿ.

"ಎಲ್ಲಿ ಹೋದ್ಲು ಇವಳು? ಟೈಮಾಗುತ್ತೆ, ಸಹಿ ಹಾಕಮ್ಮ," ಎಂದ ಭಾವ.

ಅವಳು ಮೇಲೆದ್ದಳು. ಪೆನ್ನಿಗೆ ಮುಚ್ಚಳ ಹಾಕಿ, ಅದನ್ನು ಅರ್ಜಿಯ ಮೇಲೆ ಅಡ್ಡಲಾಗಿ ಇಟ್ಟಳು. ಎಲ್ಲರೂ ನೋಡುತ್ತಿದ್ದರು. ದೊಡ್ಡಪ್ಪ ಮಾತ್ರ ಕಿಟಕಿಯಾಚೆ ನೋಡತೊಡಗಿದ್ದರು, ಅವತ್ತಿನ ಹಾಗೆಯೇ.

"ದೊಡ್ಡಪ್ಪ," ಎಂದಳು. ಅವಳ ದನಿ ಅವಳಿಗೇ ಹೊಸದೆನಿಸಿತು. "ಟೆಸ್ಟಿನ ದಿನ ಬ್ರೇಕ್ ಒತ್ತಿದ್ದು ನೀವು. ನನಗೆ ಗಾಡಿ ಓಡ್ಸೋಕೆ ಬರಲ್ಲ."