ಬಿಳಿ ಕಣದ ಜೇಬುಗಳು

೧
ಎಲ್ಲಿಂದ ಶುರುಮಾಡೋಣ, ಓದುಗರೇ? ಮಾತು ಕೊಟ್ಟಲ್ಲಿಂದಲೇ ಆಗಲಿ. ಹಿಂದೊಮ್ಮೆ ರಕ್ತ ಪರೀಕ್ಷೆಗೆ ಮಗಳು ರಂಪ ಮಾಡಿದಾಗ, ದರ್ಜಿ ಅಪ್ಪ ಬಾಯಿತಪ್ಪಿ ಅಂದುಬಿಟ್ಟಿದ್ದ: "ನಿನ್ನ ಬಿಳಿ ರಕ್ತಕಣದ ಕಥೆ ಬರೀತೀನಿ. ಅದರಲ್ಲಿ ಯಾರೂ ಸಾಯಲ್ಲ."

ಇವತ್ತು ಮತ್ತೆ ಅದೇ ಲ್ಯಾಬು, ಅದೇ ಬೆಂಚು. "ಕಥೆ ಇಲ್ಲ ಅಂದ್ರೆ ಕೈಯೂ ಇಲ್ಲ," ಎಂದ ಮಗಳು ಎರಡೂ ಕೈಗಳನ್ನು ಸ್ವೆಟರಿನೊಳಗೆ ಎಳೆದುಕೊಂಡು ಕೂತಳು. (ಮಕ್ಕಳನ್ನು ಸಾಕಿದವರಿಗೆ ಬಿಡಿಸಿ ಹೇಳಬೇಕಿಲ್ಲ.)

೨ (ಹರಿದು ಹಾಕಿದ್ದು)
ಬಟ್ಟೆ ಕತ್ತರಿಸುವ ಅಳತೆಯ ಹಾಳೆಯ ಬೆನ್ನಿಗೆ ಗೀಚಿಕೊಂಡಿದ್ದನ್ನು ಅಪ್ಪ ಓದಿದ: "ಶತ್ರು ಬಂದ! ವೀರ ಬಿಳಿ ಕಣ ಫಟ್ಟನೆ ಒಡೆದು, ಒಡಲಲ್ಲಿದ್ದುದನ್ನೆಲ್ಲ ಸುರಿದು..."

"ಸತ್ತೋಯ್ತಾ?"

"ಹ್ಞೂಂ... ಸ್ವಲ್ಪ."

"ಅಪ್ಪಾ!"

(ಸ್ವಲ್ಪ ಸಾಯುವುದು ಹೇಗೆಂದು ನನ್ನನ್ನು ಕೇಳಬೇಡಿ. ಕಥೆ ಅವನದು, ನಾನು ಬರೀ ಅಂಚು ಹೊಲಿಯುವ ಆಸಾಮಿ.)

೨, ಮತ್ತೆ
ಈಗ ಬಿಳಿ ಕಣವೇ ತಿರುಗಿಬಿತ್ತು. "ಏನಣ್ಣಾ, ಒಂದು ಗುಂಡಿ ಕೇಳಿದ ಗಿರಾಕಿ ತಲೆ ಮೇಲೆ ಇಡೀ ಅಂಗಡಿ ಸುರೀತೀಯಾ? ನನ್ನ ಮೈತುಂಬ ಜೇಬು. ಸುದ್ದಿ ಮುಟ್ಟಿಸೋ ಪ್ರೋಟೀನುಗಳನ್ನ ಮೊದಲೇ ಮಾಡಿ ಅಲ್ಲಿಟ್ಕೊಂಡಿರ್ತೀನಿ. ಕರೆ ಬಂದಾಗ ಬೇಕಾದ್ದನ್ನಷ್ಟೇ ಪುಟಾಣಿ ಚೀಲಕ್ಕೆ ತುಂಬಿ, ಮೈಯಂಚಿಗೆ ಸಾಗಿಸಿ, ಹೊರಗೆ ಬಿಡ್ತೀನಿ. ಮಿಕ್ಕಿದ್ದು ಜೇಬಲ್ಲೇ. ಒಡೆಯೋದು ಕೊನೇ ಉಪಾಯ, ಗೊತ್ತಾಯ್ತಾ?"

(ದನಿ ಅಪ್ಪನದೇ, ಮೂಗು ಹಿಡಿದುಕೊಂಡದ್ದು.)

ಮಗಳು ಕಿಲಕಿಲ ನಕ್ಕಳು. ಒಂದು ಕೈ ಸ್ವೆಟರಿನಿಂದ ಇಣುಕಿತು.

೪ (ಮೂರರಲ್ಲಿ ಉಪದೇಶವಿತ್ತು. ಕಿತ್ತೆಸೆದೆ.)
"ಆಮೇಲೆ?"

"ಚೀಲ ಮೈಯಂಚಿಗೆ ತಲುಪಿ ಸುದ್ದಿ ಹೊರಗೆ ಬಿಡ್ತು. ಸುದ್ದಿ ಕೇಳಿ ಬೇರೆ ಕಣಗಳೆಲ್ಲ ಹೋ ಅಂತ ಓಡಿಬಂದ್ವು."

"ನಮ್ಮ ಕಣ ಸಾಯುತ್ತಾ?"

ಅಪ್ಪನ ಬಳಿ ಎರಡು ಹಾಳೆಗಳಲ್ಲಿ ಬರೆದ ಎರಡು ಕೊನೆಗಳಿದ್ದವು. ಒಂದರಲ್ಲಿ ಕಣ ಚಿರಂಜೀವಿ. ಅದು ಹಸಿ ಸುಳ್ಳು. ಇನ್ನೊಂದರಲ್ಲಿ ಕೆಲವೇ ದಿನಗಳಲ್ಲಿ ಅದರ ಆಯಸ್ಸು ತೀರುತ್ತದೆ, ಅದು ನಿಜ. ಎರಡೂ ಹಾಳೆಗಳನ್ನು ಮಡಚಿ ಜೇಬಿಗಿಟ್ಟ.

"ಮುಗೀತಾ ನಿಮ್ಮ ಪುರಾಣ?" ಬಾಗಿಲಿನಿಂದ ನರ್ಸಕ್ಕ ಕೂಗಿದಳು.

"ಮುಗಿಸಲ್ಲ ಅಕ್ಕಾ. ಮಿಕ್ಕಿದ್ದು ಜೇಬಲ್ಲೇ!"

"ಮೋಸ!" ಎಂದು ನಗುತ್ತಲೇ ಮಗಳು ಕೈಚಾಚಿದಳು. ಸೂಜಿ ಬಂತು, ಹೋಯಿತು. ಕೆಂಪಗೆ ತುಂಬಿದ ಟ್ಯೂಬನ್ನು ಅವಳು ದಿಟ್ಟಿಸಿದಳು. "ಅಪ್ಪಾ, ನಮ್ಮ ಕಣ ಇದರೊಳಗೆ ಬಂತಾ, ನನ್ನೊಳಗೇ ಉಳೀತಾ?"

ಉತ್ತರ ಬರೆಯಲು ಪೆನ್ನು ಎತ್ತಿದ್ದೆ, ಓದುಗರೇ. ಕೆಳಗಿಟ್ಟೆ.

ಕಥೆಯಲ್ಲಿ ಯಾರೂ ಸಾಯಲಿಲ್ಲ.