ಖರೇನ ಬಿದ್ದಾಕಿ

ರೇಣು ಕಟ್ಟಡದ ಮೇಲಿನಿಂದ ಬಿದ್ದದ್ದನ್ನು ಸುರೇಬಾನದ ಅವಳ ಮನೆಯಲ್ಲಿ ಓಣಿಯ ಮಂದಿಯೆಲ್ಲ ಕೂತು ಟೀವಿಯಲ್ಲಿ ನೋಡಿದರು. ರೇಣುವೂ ಮಂಚದ ಮೇಲೆ ಮಲಗಿಕೊಂಡೇ ನೋಡಿದಳು. ಮುರಿದ ಸೊಂಟದ ಮೂಳೆಗೆ ಲೋಹದ ಪಟ್ಟಿ ಕೂರಿಸಿ, ಸ್ಕ್ರೂ ಬಿಗಿದು, ಹೈದರಾಬಾದಿನ ಆಸ್ಪತ್ರೆಯಿಂದ ಅವಳನ್ನು ಊರಿಗೆ ಕರೆತಂದು ಆಗಲೇ ಒಂದು ಮಳೆಗಾಲ ಕಳೆದಿತ್ತು.

ಅದು 'ವಿದ್ಯುಲ್ಲತಾ' ಎಂಬ ಧಾರಾವಾಹಿ. ಮಿಂಚಿನ ವೇಗದಲ್ಲಿ ಹಾರಿ ಬಂದು ಊರು ಕಾಯುವ ಹೆಣ್ಣಿನ ಕಥೆ. ಮುಖ ಕಾಣುವಲ್ಲೆಲ್ಲ ನಾಯಕಿ ಇರುತ್ತಿದ್ದಳು. ಹಾರುವುದು, ಹೊರಳುವುದು, ಬೀಳುವುದೆಲ್ಲ ಅವಳ ಡೂಪ್ ಆಗಿದ್ದ ರೇಣುವಿನ ಪಾಲು. ರಾಮದುರ್ಗದ ಶಾಲೆಯಲ್ಲಿದ್ದಾಗಲೇ ಹಗ್ಗದ ಮಲ್ಲಕಂಬದಲ್ಲಿ ಪದಕ ಗೆದ್ದಿದ್ದವಳು ಅವಳು. ದೈಹಿಕ ಶಿಕ್ಷಣದ ಪದವಿಯನ್ನೂ ಮಾಡಿಕೊಂಡಿದ್ದಳು. ಶಾಲೆಯೊಂದರಲ್ಲಿ ಸೀಟಿ ಊದಿಕೊಂಡು ಇರಬಹುದಾಗಿದ್ದವಳು, ಫೈಟ್ ಮಾಸ್ಟರೊಬ್ಬ ಕರೆದನೆಂದು ಹೈದರಾಬಾದಿಗೆ ಹೋಗಿದ್ದಳು.

ಆವತ್ತಿನ ದೃಶ್ಯದಲ್ಲಿ ವೈರಿಯ ಹೊಡೆತಕ್ಕೆ ವಿದ್ಯುಲ್ಲತೆ ಮಹಡಿಯಿಂದ ಉರುಳಬೇಕಿತ್ತು. ಬೆಲ್ಟಿಗೆ ಕಟ್ಟಿದ ತಂತಿ ಅವಳನ್ನು ನಡುವೆಯೇ ಹಿಡಿಯಬೇಕಿತ್ತು. ಮೇಲೆ ತಂತಿ ಹಾಯಿಸಿದ್ದ ಗಾಲಿ ಜಾರಿತು. ರೇಣು ಸಿಮೆಂಟಿನ ಅಂಚಿಗೆ ಬಡಿದು, ಗಿರಕಿ ಹೊಡೆದು, ತಲೆಕೆಳಗಾಗಿ ನೇತಾಡಿದಳು. ಕ್ಯಾಮೆರಾ ಅಷ್ಟನ್ನೂ ಹಿಡಿಯಿತು. ಇಂಥ ಬೀಳುವಿಕೆ ಮತ್ತೆ ಸಿಗುವುದಿಲ್ಲ, ಇದನ್ನೇ ಇಟ್ಟುಕೊಳ್ಳುತ್ತೇವೆ ಎಂದು ಆಸ್ಪತ್ರೆಗೆ ಬಂದ ಫೈಟ್ ಮಾಸ್ಟರ್ ಹೇಳಿದಾಗ ರೇಣು ಬೇಡವೆನ್ನಲಿಲ್ಲ. ಸೊಂಟವಂತೂ ಹೋಗಿತ್ತು, ಅದು ಹೋದದ್ದನ್ನಾದರೂ ಜನ ನೋಡಲಿ ಎಂಬ ಒಂದು ಬಗೆಯ ಹೆಮ್ಮೆ ಅವಳಲ್ಲಿತ್ತು.

ಟೀವಿಯಲ್ಲಿ ಅದು ಬಂದಾಗ ಅವಳ ತಾಯಿ ಕೃಷ್ಣವ್ವ ಎದ್ದು ಒಲೆಯ ಕಡೆ ಹೋಗಿಬಿಟ್ಟಳು. ಕೂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಾರೆಂದು ರೇಣು ತಿರುಗಿ ನೋಡಲಿಲ್ಲ.

ಆ ವಾರವೇ ಮಿಲಿಂದನ ವಿಡಿಯೊ ಬಂತು. ಮಿಲಿಂದ 'ಖರೇ ಪಿಚ್ಚರ್' ಎಂಬ ಚಾನೆಲ್ ನಡೆಸುತ್ತಿದ್ದ. ಸೂಪರ್‌ಹೀರೋ ಸಿನಿಮಾಗಳಲ್ಲಿ ಸುಳ್ಳು ಎಲ್ಲೆಲ್ಲಿ ಇಣುಕುತ್ತದೆ ಎಂದು ಹೆಕ್ಕಿ ತೋರಿಸುವುದು ಅವನ ಕೆಲಸ. ಸಾವಿರಾರು ಅಭಿಮಾನಿಗಳು ಅವನ ಮಾತು ಕೇಳಿದ ಮೇಲೆಯೇ ಸಿನಿಮಾ ನೋಡಬೇಕೋ ಬೇಡವೋ ತೀರ್ಮಾನಿಸುತ್ತಿದ್ದರು. ಹಾಗೆ ನೋಡಿದರೆ ಅವನು ದಡ್ಡನಲ್ಲ. ಹಾರುವವನ ಕೂದಲು ಯಾಕೆ ಅಲುಗುವುದಿಲ್ಲ, ಅಷ್ಟು ಎತ್ತರದಿಂದ ಧುಮುಕಿದವಳ ಕಾಲಡಿ ಧೂಳು ಯಾಕೆ ಏಳುವುದಿಲ್ಲ ಎಂದು ಅವನು ಕೇಳುತ್ತಿದ್ದ ಪ್ರಶ್ನೆಗಳು ಬಹಳ ಸಲ ಸರಿಯಾಗಿಯೇ ಇರುತ್ತಿದ್ದವು.

ಈ ಸಲ ಅವನು ರೇಣುವಿನ ದೃಶ್ಯವನ್ನು ನಿಲ್ಲಿಸಿ, ಹಿಂದೆ ಮುಂದೆ ಓಡಿಸಿದ. ಜೀವ ಇರುವ ಮೈ ಬೀಳುವಾಗ ಏನನ್ನಾದರೂ ಹಿಡಿಯಲು ನೋಡುತ್ತದೆ, ಈ ಕೈಗಳು ಎಲುಬೇ ಇಲ್ಲದಂತೆ ಜೋತಾಡುತ್ತಿವೆ ಎಂದ. ಕಾಲು ತಿರುಗಬಾರದ ಕಡೆಗೆ ತಿರುಗಿದ್ದನ್ನು ಕೆಂಪು ಗೀಟು ಎಳೆದು ತೋರಿಸಿದ. ಅವನು ಗೀಟೆಳೆದ ಜಾಗದಲ್ಲೇ ಮೂಳೆ ಮುರಿದಿತ್ತು.

"ಇದು ಮನಷ್ಯಾ ಅಲ್ರೀ, ಚಿಂದಿ ಗೊಂಬಿ," ಎಂದು ನಕ್ಕ.

ಆ ಮಾತು ಕಾಡ್ಗಿಚ್ಚಿನಂತೆ ಹಬ್ಬಿತು. ರೇಣು ಬೀಳುವ ತುಣುಕಿಗೆ ಜನ ಹಾಡು ಕೂಡಿಸಿದರು, ತಾಳಕ್ಕೆ ಸರಿಯಾಗಿ ಅವಳು ಮತ್ತೆ ಮತ್ತೆ ಅಂಚಿಗೆ ಬಡಿಯುವಂತೆ ಮಾಡಿದರು. ಇಷ್ಟು ಕಳಪೆ ಗ್ರಾಫಿಕ್ಸ್ ಕೊಟ್ಟು ನಮ್ಮನ್ನು ಮೂರ್ಖರನ್ನಾಗಿ ಮಾಡುತ್ತೀರಾ ಎಂದು ಅಭಿಮಾನಿಗಳು ಧಾರಾವಾಹಿಯ ಕಂಪನಿಯ ಮೇಲೆ ಮುಗಿಬಿದ್ದರು. ಕಂಪನಿ ಹೆದರಿತು. ಆ ದೃಶ್ಯದ ಗ್ರಾಫಿಕ್ಸ್ ನಮ್ಮ ಮಟ್ಟಕ್ಕೆ ಬರಲಿಲ್ಲ, ಕ್ಷಮಿಸಿ, ಮುಂದಿನ ಭಾಗದಲ್ಲಿ ಬೇರೆ ಸ್ಟುಡಿಯೊದಿಂದ ಮಾಡಿಸುತ್ತೇವೆ ಎಂದು ಹೇಳಿಕೆ ಕೊಟ್ಟು ಕೈತೊಳೆದುಕೊಂಡಿತು.

ಆಮೇಲೆ ಪರಿಹಾರದ ಹಣ ಕೇಳಲು ರೇಣು ಫೋನ್ ಮಾಡಿದಾಗ ಅಲ್ಲಿನ ಮ್ಯಾನೇಜರ್ ಬಹಳ ಮೆತ್ತಗೆ ಮಾತಾಡಿದ. ಅದು ಕಂಪ್ಯೂಟರಿನಲ್ಲಿ ಮಾಡಿದ್ದೆಂದು ಕಂಪನಿಯೇ ಹೇಳಿಯಾದ ಮೇಲೆ, ಅಲ್ಲಿ ಯಾರೋ ಬಿದ್ದರೆಂದು ಈಗ ಹೇಗೆ ಒಪ್ಪುವುದು ಎಂದು ಅವಳನ್ನೇ ಕೇಳಿದ. ಫೈಟ್ ಮಾಸ್ಟರ್ ಅವಳ ಫೋನ್ ಎತ್ತುವುದನ್ನೇ ಬಿಟ್ಟ.

ರೇಣು ಮಿಲಿಂದನಿಗೆ ಬರೆದಳು. ಬಿದ್ದವಳು ನಾನು, ನಿಮ್ಮ ಮಾತಿನಿಂದ ಹೀಗಾಗಿದೆ, ಒಂದು ಸಲ ನಿಜ ಹೇಳಿರಿ ಎಂದು ಕೇಳಿ, ಎಕ್ಸ್‌ರೇ ಫೋಟೊ ಕಳಿಸಿದಳು. ಮಿಲಿಂದ ಅದನ್ನು ತನ್ನ ಪುಟದ ಮೇಲ್ತುದಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿದ. 'ನಾನೇ ಗೊಂಬೆ ಅನ್ನುವವರ ಸಾಲು ಹತ್ತಿದೆ, ಇವರ ಎಕ್ಸ್‌ರೇ ಮಾತ್ರ ಗ್ರಾಫಿಕ್ಸ್‌ಗಿಂತ ಚಲೋ ಬಂದಿದೆ' ಎಂದು ಕೆಳಗೆ ಬರೆದ. ಅದರ ಕೆಳಗೆ ಜನ ನಕ್ಕದ್ದೇ ನಕ್ಕದ್ದು.

ರೇಣು ಮತ್ತೆ ಬರೆಯಲಿಲ್ಲ. ಕಂಪನಿಯ ಮೇಲಿನ ಸಿಟ್ಟು ಗೋಡೆಗೆ ಗುದ್ದಿದ ಹಾಗೆ ಅವಳ ಕೈಗೇ ವಾಪಸು ಬರುತ್ತಿತ್ತು. ಮಿಲಿಂದನ ಮೇಲಿನ ಸಿಟ್ಟು ಹಾಗಲ್ಲ, ಅದಕ್ಕೊಂದು ಮುಖವಿತ್ತು: ಕನ್ನಡಕ, ತೆಳು ಗಡ್ಡ, ನಗುವಾಗ ಒಂದು ಕಡೆ ಎಳೆಯುವ ತುಟಿ. ಮಂಚದ ಮೇಲಿದ್ದಾಗ, ಆಮೇಲೆ ಕೋಲು ಹಿಡಿದು ನಡೆಯಲು ಕಲಿಯುವಾಗ, ಅವಳು ಅವನ ಒಂದೊಂದೇ ವಿಡಿಯೊ ನೋಡಿದಳು. ಮಗಳಿಗೆ ಹೊತ್ತು ಹೋಗಲೆಂದು ಕೃಷ್ಣವ್ವ ಸುಮ್ಮನಿದ್ದಳು. ಅವನು ಇರುವುದು ಬೆಂಗಳೂರಿನಲ್ಲಲ್ಲ, ಸವದತ್ತಿಯಲ್ಲಿ, ಬಸ್ ಹತ್ತಿದರೆ ಸಿಗುವಷ್ಟು ಹತ್ತಿರದಲ್ಲಿ ಎಂದು ಗೊತ್ತಾದ ದಿನ ರೇಣು ಕೋಲು ಬಿಟ್ಟು ಅಂಗಳದ ತುದಿಯವರೆಗೆ ನಡೆದಳು.

ಅಭಿಮಾನಿಗಳು ಅವನನ್ನೂ ಬಿಡುವವರಲ್ಲ. ಬರೀ ಹೆಸರಿಡುತ್ತೀಯ, ಕೈಲಾದರೆ ಒಂದು ಮಾಡಿ ತೋರಿಸು ಎಂದು ಕೆಣಕತೊಡಗಿದರು. ಮಿಲಿಂದ ಒಪ್ಪಿಕೊಂಡ. ಒಂದು ಚಿಕ್ಕ ಸಿನಿಮಾ ಮಾಡುತ್ತೇನೆ, ಒಂದು ಚೂರೂ ಗ್ರಾಫಿಕ್ಸ್ ಇರುವುದಿಲ್ಲ, ತೊರಗಲ್ ಕೋಟೆಯ ಹುಡೇವಿನಿಂದ, ಆ ಎತ್ತರದ ಬುರುಜಿನಿಂದ, ನಾನೇ ಹಾರುತ್ತೇನೆ ಎಂದು ಸಾರಿದ. ಹಗ್ಗ, ಬೆಲ್ಟಿನ ಕೆಲಸ ಗೊತ್ತಿರುವವರು ಈ ಕಡೆ ಯಾರಾದರೂ ಇದ್ದರೆ ತಿಳಿಸಿ ಎಂದ.

ರೇಣುವಿನ ಜೊತೆ ಮಲ್ಲಕಂಬ ಕಲಿತಿದ್ದ ಕಾಂತೇಶ ರಾಮದುರ್ಗದಲ್ಲೇ ಮಕ್ಕಳಿಗೆ ಅದನ್ನು ಕಲಿಸುತ್ತಿದ್ದ. ನಮ್ಮಲ್ಲಿ ಬಲ್ಲವರಿದ್ದಾರೆ ಎಂದು ಮಿಲಿಂದನಿಗೆ ಹೇಳಲು ರೇಣು ಕಾಂತೇಶನಿಗೆ ತಿಳಿಸಿದಳು. ನನ್ನ ಹೆಸರು ಮಾತ್ರ ಸ್ನೇಹಲ್ ಎನ್ನು ಎಂದಳು. ಅದು ಅವಳ ಸೋದರಮಾವನ ಮಗಳ ಹೆಸರು. ಯಾಕೆ ಎಂದು ಕಾಂತೇಶ ಕೇಳಿದ್ದಕ್ಕೆ, ಹಳೆಯ ಕಂಪನಿಯವರಿಗೆ ಗೊತ್ತಾಗುವುದು ಬೇಡ ಎಂದಳು. ಅವನು ನಂಬಿದ.

ಮಿಲಿಂದ ರಾಮದುರ್ಗಕ್ಕೆ ಬಂದು ಇಬ್ಬರನ್ನೂ ಕಂಡ. ಎಷ್ಟೋ ತಿಂಗಳು ಇವಳು ಬೀಳುವುದನ್ನು ನೋಡಿ ನಕ್ಕಿದ್ದವನಿಗೆ ಇವಳ ಗುರುತು ಹತ್ತಲಿಲ್ಲ. ಡೂಪಿನ ಮುಖವನ್ನು ಯಾರೂ ನೋಡಿರುವುದಿಲ್ಲ. ಅವಳು ಕುಂಟುವುದನ್ನು ಕಂಡು ಏನಾಯಿತೆಂದು ಕೇಳಿದ, ಬಿದ್ದಿದ್ದೆ ಎಂದಳು. ಅವನೇ ಎದ್ದು ಕುರ್ಚಿ ತಂದು ಹಾಕಿದ. ಆ ಕುರ್ಚಿಯಲ್ಲಿ ಕೂರುವಾಗ ಅವಳಿಗೆ ಮೈ ಉರಿಯಿತು. ಅವನು ಕೆಟ್ಟವನಾಗಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಕೋಟೆಯ ಬುಡದಲ್ಲಿ ತಾಲೀಮು ಶುರುವಾಯಿತು. ಇಬ್ಬರೂ ಹೇಳಿದಂತೆ ಮಿಲಿಂದ ಕೇಳುತ್ತಿದ್ದ, ಬೇಗ ಕಲಿಯುತ್ತಿದ್ದ. ಒಂದು ಸಂಜೆ ಮಂಡಕ್ಕಿ, ಮಿರ್ಚಿ ತಿನ್ನುತ್ತ ಕೂತಾಗ ತಾನು ಯಾಕೆ ಇಷ್ಟು ಕಟುವಾಗಿ ಮಾತಾಡುತ್ತೇನೆಂದು ಹೇಳಿಕೊಂಡ. ಚಿಕ್ಕವನಿದ್ದಾಗ ಹಾರುವವರನ್ನು ನೋಡಿ ಮನಸಾರೆ ನಂಬಿದ್ದನಂತೆ. ಆ ನಂಬಿಕೆಗೆ ಯಾರಾದರೂ ಕಳಪೆ ಮಾಲು ತುಂಬಿದರೆ ತಡೆಯಲಾಗುವುದಿಲ್ಲವಂತೆ.

"ಜನಾ ಮೂರ್ಖರಲ್ಲ ಅಕ್ಕಾರ," ಎಂದ. "ಸುಳ್ಳು ಅಂದ್ರ ಕಣ್ಣಿಗೆ ಗೊತ್ತಾಗೇ ಆಗ್ತದ."

"ಖರೇ ಇದ್ದದ್ದೂ ಗೊತ್ತಾಗತೈತೇನ್ರಿ?" ಎಂದು ರೇಣು ಕೇಳಿದಳು.

"ಗೊತ್ತಾಗದ ಏನ್ರೀ? ಅದಕ್ಕಂತನ ನಾ ಇರೋದು."

ರೇಣು ಕೈಯೊರೆಸಿಕೊಂಡು ಎದ್ದಳು. ಅಲ್ಲಿಯವರೆಗೂ ಅವಳ ಮನಸ್ಸು ಒಂದಿಷ್ಟು ಹೊಯ್ದಾಡುತ್ತಿತ್ತು. ಆಮೇಲೆ ಹೊಯ್ದಾಡಲಿಲ್ಲ.

ಚಿತ್ರೀಕರಣದ ಬೆಳಿಗ್ಗೆ ಗಾಳಿ ಕಡಿಮೆಯಿತ್ತು. ಮಿಲಿಂದನ ಗೆಳೆಯ ಗುರುನಾಥ ಕೆಳಗೆ ಎರಡು ಕ್ಯಾಮೆರಾ ನಿಲ್ಲಿಸಿಕೊಂಡಿದ್ದ. ಕಾಂತೇಶ ಗೋಡೆಯ ಬುಡದಲ್ಲಿ ಗಾದಿ ಹಾಸಿ ಕಾಯುತ್ತಿದ್ದ. ಹುಡೇವಿನ ಮೇಲೆ ಹಗ್ಗ ಹಿಡಿದವಳು ರೇಣು ಒಬ್ಬಳೇ. ಮಿಲಿಂದ ಹಾರಿದಾಗ ಅವಳು ಮೊದಲ ಹಗ್ಗವನ್ನು ನಿಧಾನವಾಗಿ ಬಿಟ್ಟುಕೊಡುತ್ತ ಅವನನ್ನು ಹೂವಿನಂತೆ ಇಳಿಸಬೇಕು ಎಂಬುದು ಮಾತಾಗಿತ್ತು. ಅದು ಜಾರಿದರೆ ಹಿಡಿಯಲಿ ಎಂದು ಕಲ್ಲಿಗೆ ಬಿಗಿದ ಎರಡನೆಯದು ಇತ್ತು. ಅದರ ಗಂಟನ್ನು ಅವಳು ಎಳೆದು ನೋಡಿದಳು, ಮತ್ತೆ ಎಳೆದು ನೋಡಿದಳು. ಅವನು ಸಾಯುವುದು ಅವಳಿಗೆ ಬೇಕಿರಲಿಲ್ಲ. ಮೊದಲ ಹಗ್ಗ ಕೈಬಿಟ್ಟದ್ದಕ್ಕೂ ಎರಡನೆಯದು ಹಿಡಿಯುವುದಕ್ಕೂ ನಡುವೆ ಏನಿದೆಯೋ ಅದು ಅವನಿಗೆ ಗೊತ್ತಾಗಬೇಕಿತ್ತು.

ಮಿಲಿಂದ ಕೈ ಚಾಚಿ ಚಂದವಾಗಿ ಹಾರಿದ. ರೇಣು ಹಗ್ಗ ಬಿಟ್ಟಳು.

ಚಾಚಿದ ಕೈಗಳು ಒಮ್ಮೆಲೇ ಸಡಿಲಾದವು. ಕನ್ನಡಕ ಎಲ್ಲೋ ಹಾರಿತು. ಕಾಲು ಒಂದು ಕಡೆ, ತಲೆ ಒಂದು ಕಡೆ ಆಗಿ ಅವನು ಹಿಂಡಿ ಬಿಸಾಕಿದ ಅರಿವೆಯಂತೆ ಉರುಳಿದ. ಎರಡನೆಯ ಹಗ್ಗ ಜಗ್ಗಿ ಹಿಡಿದಾಗ ಮೈಯೆಲ್ಲ ಮಡಚಿ, ಹೆಗಲು ಕಲ್ಲಿನ ಗೋಡೆಗೆ ಬಡಿಯಿತು. ಕೆಳಗಿನಿಂದ ಬಂದ ದನಿ ಕರುವಿನದೋ ಮನುಷ್ಯನದೋ ಎನ್ನುವ ಹಾಗಿತ್ತು.

ರೇಣು ಕುಂಟುತ್ತ ಅಂಚಿಗೆ ಬಂದು ಬಗ್ಗಿ ನೋಡಿದಳು.

"ನಾ ಸ್ನೇಹಲ್ ಅಲ್ರಿ," ಎಂದಳು. "ಸುರೇಬಾನದ ರೇಣು. ನೀವು ನಕ್ಕ ಚಿಂದಿ ಗೊಂಬಿ ನಾನ."

ಅವನು ಕೇಳಿಸಿಕೊಂಡನೋ ಇಲ್ಲವೋ. ಇಳಿಸ್ರಿ, ಇಳಿಸ್ರಿ ಎಂದಷ್ಟೇ ಅಳುತ್ತಿದ್ದ. ಕಾಂತೇಶ ಮೇಲಕ್ಕೆ ಓಡಿ ಬಂದು ಎರಡನೆಯ ಹಗ್ಗ ಬಿಚ್ಚಿ ಹಿಡಿದುಕೊಂಡು ಅವನನ್ನು ಇಳಿಸಿದ. ಎಲ್ಲ ಮುಗಿದ ಮೇಲೆ ರೇಣುವಿನ ಹತ್ತಿರ ಬಂದು, ಚಿಕ್ಕಂದಿನಿಂದ ಅವಳ ಜೊತೆ ಎಂದೂ ಆಡದಿದ್ದ ದನಿಯಲ್ಲಿ ಒಂದೇ ಮಾತು ಹೇಳಿದ.

"ಹಗ್ಗಾ ಹಿಡಿಯೋ ಕೈ ಅಲ್ಲ ಇವು. ಇನ್ನ ನನ್ನ ಅಖಾಡಕ್ಕ ಬರಬ್ಯಾಡ."

ಆ ದಿನ ಅವಳಿಗೆ ನೋವಾದದ್ದು ಅದೊಂದೇ.

ಮಿಲಿಂದನ ಹೆಗಲು ಕೀಲು ತಪ್ಪಿತ್ತು. ರಾಮದುರ್ಗದ ಡಾಕ್ಟರು ಎಳೆದು ಕೂರಿಸಿ, ಕೈಯನ್ನು ಕೊರಳಿಗೆ ತೂಗುಹಾಕಿದರು. ಮಿಲಿಂದ ಪೊಲೀಸರ ಹತ್ತಿರ ಹೋಗುತ್ತಾನೆಂದು ರೇಣು ಕಾದಳು. ಅವನು ಹೋಗಲಿಲ್ಲ. ಗುರುನಾಥ ತೆಗೆದದ್ದನ್ನು ಮನೆಯಲ್ಲಿ ನೋಡಿದ ಮೇಲೆ ಅವನ ತಲೆಗೆ ಬೇರೆಯೇ ಯೋಚನೆ ಹೊಕ್ಕಿತ್ತು. ಇಷ್ಟು ನಿಜವಾದ ಬೀಳುವಿಕೆಯನ್ನು ಯಾವ ಸಿನಿಮಾದಲ್ಲೂ ಅವನು ಕಂಡಿರಲಿಲ್ಲ. ಅಭಿಮಾನಿಗಳು ಕೇಳಿದ್ದೂ ಅದನ್ನೇ ತಾನೇ. ಅದನ್ನು ಹಾಗೆಯೇ ಚಾನೆಲಿಗೆ ಏರಿಸಿ, ಇದರಲ್ಲಿ ನಟನೆ ಇಲ್ಲ, ನಾನು ಖರೇನ ಬಿದ್ದೆ ಎಂದು ಬರೆದ.

ಯಾರೂ ನಂಬಲಿಲ್ಲ. ಜೀವ ಇರುವ ಮೈ ಬೀಳುವಾಗ ಏನನ್ನಾದರೂ ಹಿಡಿಯಲು ನೋಡುತ್ತದೆ ಅಣ್ಣ, ನೀನೇ ಹೇಳಿಕೊಟ್ಟದ್ದಲ್ಲವೇ ಎಂದು ಅವನದೇ ಅಭಿಮಾನಿಗಳು ಅವನದೇ ಕೆಂಪು ಗೀಟು ಎಳೆದು ತೋರಿಸಿದರು. ಕೊರಳಿಗೆ ಕೈ ಕಟ್ಟಿಕೊಂಡು ಕೂತು ವಿಡಿಯೊ ಮಾಡಿದರೆ, ಪಟ್ಟಿ ಕಟ್ಟಿದ ಕೈ ನಿನ್ನೆ ಬಲ, ಇವತ್ತು ಎಡ ಎಂದು ಇಲ್ಲದ್ದನ್ನೂ ಕಂಡರು. ನಿಜ ತೋರಿಸುತ್ತೇನೆಂದು ಹೇಳಿ ಎಲ್ಲರಿಗಿಂತ ಕಳಪೆ ಗ್ರಾಫಿಕ್ಸ್ ತಂದವನು ಎಂಬ ಹೆಸರು ಅವನಿಗೆ ಅಂಟಿತು. ರೇಣು ಅಷ್ಟನ್ನೂ ಓದಿದಳು. ಊಟ ಮಾಡುವಾಗ ಓದಿದಳು, ಬೆಳಿಗ್ಗೆ ಎದ್ದ ಕೂಡಲೇ ಓದಿದಳು. ಬಹಳ ದಿನದ ಮೇಲೆ ಅವಳಿಗೆ ರೊಟ್ಟಿ ರುಚಿಯಾಯಿತು.

ಕೊನೆಗೆ ಮಿಲಿಂದ ಸುರೇಬಾನಕ್ಕೇ ಬಂದ. ಬಿಸಿಲಲ್ಲಿ ಮನೆ ಕೇಳಿಕೊಂಡು ಬಂದವನನ್ನು ಕೃಷ್ಣವ್ವ ಯಾರೆಂದು ಗುರುತಿಸಿದಳು, ಆದರೂ ಕಟ್ಟೆಯ ಮೇಲೆ ಕೂರಿಸಿ ತಂಬಿಗೆ ಕೊಟ್ಟಳು. ಅವನು ನೀರು ಕುಡಿದು, ರೇಣುವಿನ ಮುಖ ನೋಡದೆ ಮಾತಾಡಿದ. ಅವಳು ಒಮ್ಮೆ ಎಲ್ಲರೆದುರು, ಹಗ್ಗ ಬಿಟ್ಟದ್ದು ನಾನೇ, ಮಿಲಿಂದ ನಿಜವಾಗಿ ಬಿದ್ದ ಎಂದು ಹೇಳಬೇಕು, ಅದರಿಂದ ಅವಳಿಗೆ ತೊಂದರೆಯಾಗದಂತೆ ತಾನು ನೋಡಿಕೊಳ್ಳುತ್ತೇನೆ ಎಂದ.

"ಮೊದಲ ನಂದು ಹೇಳ್ರಿ," ಎಂದಳು ರೇಣು. "ನೀವು ನಂದು ಹೇಳಿದ ಮ್ಯಾಲೆ ನಾ ನಿಮ್ದು ಹೇಳತೇನಿ."

"ಖರೇ ಹೇಳ್ತೀರಿ?"

"ಹೇಳತೇನಿ."

ಅವನು ಮಾತಿಗೆ ತಪ್ಪಲಿಲ್ಲ. ಹಳೆಯ ವಿಡಿಯೊ ತೆಗೆದುಹಾಕಿದ. ಹೊಸದರಲ್ಲಿ ರೇಣುವಿನ ಹೆಸರು, ಊರು ಹೇಳಿ, ಎಕ್ಸ್‌ರೇ ತೋರಿಸಿ, ಅದು ಗ್ರಾಫಿಕ್ಸ್ ಅಲ್ಲ, ಒಬ್ಬ ಹೆಣ್ಣುಮಗಳ ಸೊಂಟ ಮುರಿದದ್ದು, ನಾನು ಅದಕ್ಕೆ ನಕ್ಕೆ ಎಂದ. ಪ್ರಚಾರಕ್ಕೆ ಇಬ್ಬರೂ ಕೂಡಿ ಹೂಡಿದ ಆಟ ಎಂದು ಬಹಳ ಮಂದಿ ಬರೆದರು. ಆದರೆ ನಂಬಿದವರೂ ಇದ್ದರು. ಎಲ್ಲೆಲ್ಲಿಂದಲೋ ಡೂಪ್ ಹೆಣ್ಣುಮಕ್ಕಳು ರೇಣುವಿಗೆ ಫೋನ್ ಮಾಡಿ ತಮ್ಮ ಮುರಿದ ಕೈಕಾಲಿನ ಕಥೆ ಹೇಳಿದರು. ಕಂಪನಿ ಮಿಲಿಂದನಿಗೆ ವಕೀಲರ ನೋಟಿಸು ಕಳಿಸಿತು.

ಇನ್ನು ರೇಣುವಿನ ಪಾಳಿ. ಮಿಲಿಂದ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮರುದಿನವೂ ಮಾಡಿದ.

ರೊಟ್ಟಿ ಬಡಿಯುತ್ತಿದ್ದ ಕೃಷ್ಣವ್ವ ಕೈ ನಿಲ್ಲಿಸಿ ಕೇಳಿದಳು.

"ಮಾತು ಕೊಟ್ಟಿದ್ದೆಲ್ಲವಾ ಅವಂಗ?"

"ಕೊಟ್ಟಿದ್ನಿ."

"ಮತ್ತ?"

"ಹೇಳಂಗಿಲ್ಲಬೇ," ಎಂದಳು ರೇಣು. "ನಾ ಎಷ್ಟು ದಿನ ಒಬ್ಬಾಕೇ ಹೇಳಕೊಂತ ಕುಂತಿದ್ನಿ? ಅಂವಾನೂ ಕುಂದರಲಿ."

ಕೃಷ್ಣವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ಫೋನ್ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು.

ಮುಂದಿನ ವರ್ಷ ರೇಣುವಿಗೆ ಸವದತ್ತಿಯ ಹತ್ತಿರದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯ ಕೆಲಸ ಸಿಕ್ಕಿತು. ಹತ್ತಲು ತನ್ನಿಂದಾಗದ ಹಗ್ಗವನ್ನು ಹುಡುಗಿಯರಿಗೆ ಹತ್ತಲು ಕಲಿಸುತ್ತಿದ್ದಳು. ಕಾಂತೇಶ ಎದುರು ಸಿಕ್ಕರೆ ಇನ್ನೂ ಮಾತಾಡುತ್ತಿರಲಿಲ್ಲ.

ಒಂದು ಶನಿವಾರ ಶಾಲೆ ಬಿಟ್ಟು ಊರಿಗೆ ಹೊರಟವಳು ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತಿದ್ದಾಗ ಮಿಲಿಂದ ಕಂಡ. ಚಾನೆಲ್ ಮುಚ್ಚಿ ಒಂದು ಸ್ಟುಡಿಯೊದಲ್ಲಿ ಮದುವೆಯ ವಿಡಿಯೊ ಕೂಡಿಸುವ ಕೆಲಸಕ್ಕೆ ಸೇರಿದ್ದಾನೆಂದು ಯಾರೋ ಹೇಳಿದ್ದರು. ಬಾಳೆಹಣ್ಣಿನ ಗಾಡಿಯ ಮುಂದೆ ನಿಂತು, ಮೇಲೆ ತೂಗುಹಾಕಿದ್ದ ಗೊನೆಗೆ ಬಲಗೈ ಎತ್ತಲು ಹೋಗಿ, ಹೆಗಲ ಮಟ್ಟಕ್ಕೇ ನಿಲ್ಲಿಸಿ, ಎಡಗೈಯಿಂದ ತೋರಿಸಿದ. ತಿರುಗಿದವನಿಗೆ ಅವಳು ಕಂಡಳು. ಅವಳಿಂದ ಒಂದು ಮಾತು ಬರುತ್ತದೇನೋ ಎಂಬಂತೆ ನಿಂತ.

ರೇಣು ಕಣ್ಣು ಕೀಳದೆ ನೋಡಿದಳು. ಅವನೇ ಮೊದಲು ತಲೆ ತಗ್ಗಿಸಿದ. ಬಸ್ ಹೊರಟಿತು. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತಲೆಯನ್ನು ಕಿಟಕಿಗೆ ಆನಿಸಿ, ರಾಮದುರ್ಗ ಬರುವ ತನಕ ಎಚ್ಚರವಿಲ್ಲದೆ ನಿದ್ದೆ ಮಾಡಿದಳು.