ನೆನೆಸದ ಬಟ್ಟೆ

ಅಮ್ಮನ ಹೊಲಿಗೆ ಅಂಗಡಿಗೆ ಬಂದವರೆಲ್ಲ ಅಕ್ಕನ ಕೈಕೆಲಸವನ್ನೇ ಹೊಗಳುತ್ತಿದ್ದರು. ಕೇಳಿದಾಗಲೆಲ್ಲ ತಂಗಿಯ ಹೊಟ್ಟೆ ಉರಿಯುತ್ತಿತ್ತು. ಆಸ್ಪತ್ರೆಯ ದಾದಿಯರಿಗೆ ಇಪ್ಪತ್ತು ಅಂಗಿ ಹೊಲಿಯುವ ಕೆಲಸ ಬಂದಾಗ ಅಮ್ಮ ಇಬ್ಬರಿಗೂ ಹತ್ತತ್ತು ಹಂಚಿದಳು.

“ಹತ್ತಿ ಬಟ್ಟೆ ಕಣ್ರೇ. ನೆನೆಸಿ ಒಣಗಿಸದೆ ಕತ್ತರಿ ಹಾಕಬೇಡಿ, ಆಮೇಲೆ ಕುಗ್ಗುತ್ತೆ.”

ಅಕ್ಕ ಬಟ್ಟೆಯನ್ನು ನೀರಿಗೆ ಹಾಕಿದಳು. ಈ ಸಲವಾದರೂ ತಾನೇ ಮೊದಲು ಮುಗಿಸಬೇಕೆಂದು ತಂಗಿ, ಅಮ್ಮ ಹೊರಗೆ ಹೋದದ್ದೇ ತಡ, ಕತ್ತರಿಸಿಬಿಟ್ಟಳು. ಅಕ್ಕನಿಗಿಂತ ಎರಡು ದಿನ ಮುಂಚೆಯೇ ಒಪ್ಪಿಸಿ ಬೀಗಿದಳು.

ಮೊದಲ ಒಗೆತಕ್ಕೇ ಅವಳ ಹತ್ತೂ ಅಂಗಿಗಳು ಕುಗ್ಗಿ ವಾಪಸು ಬಂದವು.

“ಹೇಳಿದ್ದೆ ತಾನೇ?” ಎಂದಳು ಅಮ್ಮ.

ಅಕ್ಕ ತಂಗಿಯ ಹತ್ತಿರ ಕೂತು, “ಕೊಡೇ ಇಲ್ಲಿ, ಎರಡೂ ಬದಿಗೆ ಪಟ್ಟಿ ಸೇರಿಸೋಣ,” ಎಂದು ಹೊಲಿಗೆ ಬಿಚ್ಚತೊಡಗಿದಳು.

ಬೈದಿದ್ದರೆ ತಂಗಿ ಜಗಳವಾಡುತ್ತಿದ್ದಳು. ಈಗ ಆ ಒಳ್ಳೆಯತನಕ್ಕೂ ಕರುಬುತ್ತ, ಸೂಜಿಗೆ ದಾರ ಪೋಣಿಸಿದಳು.